ಕಲ್ಲು ಕತ್ತರಿಸುವಾಗ ನೀರು ನಿಲ್ಲಿಸಬೇಡಿ

ಬೆಂಗಳೂರಿನ ಕುಮಾರ ಪಾರ್ಕ್ ವೆಸ್ಟ್‌ನ ಒಳರಸ್ತೆಗಳಲ್ಲಿ ಒಂದಲ್ಲ ಒಂದು ಹಳೆಯ ಮನೆಯ ನವೀಕರಣ ನಡೆಯುತ್ತಲೇ ಇರುತ್ತದೆ. ರೆಡ್ ಆಕ್ಸೈಡ್ ನೆಲ ಕಿತ್ತು ವಿಟ್ರಿಫೈಡ್ ಟೈಲ್ಸ್, ಕಡಪ ಕಲ್ಲಿನ ಅಡುಗೆ ಕಟ್ಟೆ ಕಿತ್ತು ಕಪ್ಪು ಗ್ರಾನೈಟ್ ಅಥವಾ ಬಿಳಿ ಕ್ವಾರ್ಟ್ಜ್. ಗೇಟಿನ ಒಳಗೆ ಕಟಿಂಗ್ ಮೆಷಿನ್ ಕಿರುಚುತ್ತದೆ, ದಾಸವಾಳದ ಎಲೆಗಳ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ. ಮನೆಯವರು ಕಿಟಕಿ ಮುಚ್ಚಿಕೊಂಡು ಒಳಗಿರುತ್ತಾರೆ. ಮೇಸ್ತ್ರಿಗೂ ಹೆಲ್ಪರ್‌ಗೂ ಒಂದೊಂದು ನೀಲಿ ಸರ್ಜಿಕಲ್ ಮಾಸ್ಕ್ ಕೊಟ್ಟಿದ್ದೇವೆ, ಸೇಫ್ಟಿ ಆಯಿತು ಎಂಬ ಸಮಾಧಾನ ಬೇರೆ. ಆ ಮಾಸ್ಕಿನಿಂದ ಈ ದೂಳಿಗೆ ಹೆಚ್ಚಿನ ತಡೆಯೇನೂ ಇಲ್ಲ.

ಈ ಲೇಖನ ಮನೆ ಮಾಲೀಕರಿಗೆ. ಕಾರ್ಮಿಕರಿಗೆ ಹೇಳಬೇಕಾದ್ದೂ ಇದೆ, ಆದರೆ ನೀರು ಹರಿಸಬೇಕೋ ಬೇಡವೋ, ಕಲ್ಲು ಎಲ್ಲಿ ಕತ್ತರಿಸಬೇಕು ಎಂಬುದನ್ನು ನಿರ್ಧರಿಸುವವರು ದುಡ್ಡು ಕೊಡುವವರು. ಮನೆ ಕೆಲಸದ ಜಾಗಕ್ಕೆ ಸೇಫ್ಟಿ ಆಫೀಸರ್ ಬರುವುದಿಲ್ಲ. ಕೆಲಸ ನಡೆಯುವಷ್ಟು ದಿನ ನಿಮ್ಮ ಅಂಗಳವೇ ಕಾರ್ಖಾನೆ.

ಹಿನ್ನೆಲೆ ಚುಟುಕಾಗಿ. ಗ್ರಾನೈಟ್, ಟೈಲ್ಸ್, ಕಾಂಕ್ರೀಟ್, ಇಟ್ಟಿಗೆ, ಗಾರೆ ಎಲ್ಲದರಲ್ಲೂ ಹರಳು ರೂಪದ ಸಿಲಿಕಾ ಇದೆ. ಗ್ರಾನೈಟ್‌ನಲ್ಲಿ ಅದು ಸಾಮಾನ್ಯವಾಗಿ ಶೇ 20ರಿಂದ 45. ಕಾರ್ಖಾನೆಯಲ್ಲಿ ತಯಾರಾದ ಕ್ವಾರ್ಟ್ಜ್ ಹಾಸುಗಳಲ್ಲಿ ಶೇ 90ಕ್ಕೂ ಹೆಚ್ಚಿರಬಹುದು. ಬ್ಲೇಡ್ ತಾಗಿದಾಗ ಹಾರುವ ದೂಳಿನಲ್ಲಿ ಕಣ್ಣಿಗೆ ಕಾಣುವುದು ದಪ್ಪ ಪುಡಿ ಮಾತ್ರ. ಕೂದಲೆಳೆಯ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣದಾದ ಕಣಗಳು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿದು ಅಲ್ಲೇ ಉಳಿಯುತ್ತವೆ, ಸುತ್ತ ಗಾಯದ ಕಲೆಯಂಥ ಅಂಗಾಂಶ ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಕಟ್ಟಿದ ಕಲೆಯನ್ನು ಕರಗಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಜೊತೆಗೆ ಕ್ಷಯ ತಗಲುವ ಅಪಾಯ ಹೆಚ್ಚು, ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಉಂಟು.

ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 1946ರ ನಡುವೆ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಅಂದರೆ ಈ ರಾಜ್ಯಕ್ಕೆ ಇದು ಹೊಸ ಸಂಗತಿಯಲ್ಲ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕ್ವಾರ್ಟ್ಜ್ ಹಾಸುಗಳನ್ನೇ ನಿಷೇಧಿಸಿತು. ಅಡುಗೆ ಕಟ್ಟೆ ಕತ್ತರಿಸುವ ಹುಡುಗರು ಮೂವತ್ತು, ನಲವತ್ತರ ವಯಸ್ಸಿಗೇ ಉಸಿರಿಗಾಗಿ ಒದ್ದಾಡತೊಡಗಿದ ಮೇಲೆ. ಇಲ್ಲಿ ಅದೇ ಹಾಸು 'ಪ್ರೀಮಿಯಂ'. ನನ್ನನ್ನು ಕೇಳಿದರೆ ಅಡುಗೆ ಕಟ್ಟೆಗೆ ಗ್ರಾನೈಟೇ ಸಾಕು.

ಕೆಲಸ ಶುರುವಾಗುವ ಮೊದಲು

ಅಳತೆ ಪೂರ್ತಿಯಾಗಿ ತೆಗೆಸಿ, ಕಲ್ಲನ್ನು ಅಂಗಡಿಯ ಯಾರ್ಡ್‌ನಲ್ಲೇ ಕತ್ತರಿಸಿ ತರಿಸಿ. ಜಿಗಣಿಯ ಗ್ರಾನೈಟ್ ಘಟಕಗಳಲ್ಲೂ ನಗರದ ದೊಡ್ಡ ಯಾರ್ಡ್‌ಗಳಲ್ಲೂ ನೀರು ಹರಿಯುವ ದೊಡ್ಡ ಗರಗಸವಿರುತ್ತದೆ. ಸಿಂಕ್ ಮತ್ತು ಒಲೆಯ ಕಿಂಡಿಯ ಅಳತೆಯನ್ನೂ ಅಲ್ಲೇ ಕೊಡಿ. ಸಿಂಕ್ ಕೊಳ್ಳದೆ ಕಲ್ಲು ಕತ್ತರಿಸಲು ಹೇಳಿದರೆ ಆಮೇಲೆ ಮನೆಯಲ್ಲಿ ಕತ್ತರಿಸುವುದು ತಪ್ಪದು; ಮೊದಲು ಸಿಂಕ್ ಕೊಳ್ಳಿ. ಟೈಲ್ಸ್‌ಗೆ ನೇರ ಗೆರೆಯ ಕಟಿಂಗ್ ಆದರೆ ಕೈಯಿಂದ ಗೀರಿ ಮುರಿಯುವ ಟೈಲ್ ಕಟರ್ ಸಾಕು. ಕರೆಂಟೂ ಬೇಡ, ದೂಳೂ ಇಲ್ಲವೆನ್ನುವಷ್ಟು ಕಡಿಮೆ.

ನೀರಿನ ವಿಷಯ

ಬಹುತೇಕ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಬೆಳಗ್ಗೆ ಮೇಸ್ತ್ರಿ ನೀರು ಹಾಕಿಯೇ ಶುರುಮಾಡಿರುತ್ತಾನೆ. ಹನ್ನೊಂದರ ಹೊತ್ತಿಗೆ ಬೂದು ಬಣ್ಣದ ರಾಡಿ ವರಾಂಡಕ್ಕೆ ಹರಿಯುತ್ತದೆ, ಹೊಸ ನೆಲಕ್ಕೆ ಕಲೆ ಬೀಳುತ್ತದೆ. ಮನೆಯಿಂದ ಯಾರೋ ಹೊರಬಂದು "ಇದೇನ್ರೀ ಗಲೀಜು, ನೀರು ನಿಲ್ಸಿ" ಅನ್ನುತ್ತಾರೆ. ನೀರು ನಿಲ್ಲುತ್ತದೆ. ರಾಡಿಯಾಗಿ ನೆಲಕ್ಕೆ ಬೀಳುತ್ತಿದ್ದುದು ಈಗ ಗಾಳಿಗೆ ಏರುತ್ತದೆ, ಕಲ್ಲು ಹಿಡಿದು ಬ್ಲೇಡಿನ ಎದುರು ಕುಕ್ಕರುಗಾಲಲ್ಲಿ ಕೂತ ಹೆಲ್ಪರ್‌ನ ಮೂಗಿಗೆ ನೇರ. ಆತ ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಂದ ಇಪ್ಪತ್ತರ ಹುಡುಗ; ಬೇಡ ಅನ್ನುವ ಅಧಿಕಾರ ಅವನಿಗಿಲ್ಲ.

ಆದ್ದರಿಂದ ರಾಡಿಗೆ ಮೊದಲೇ ಜಾಗ ಮಾಡಿ. ಕತ್ತರಿಸುವ ಕೆಲಸ ಮನೆಯ ಒಳಗೆ ಬೇಡ, ಮೆಟ್ಟಿಲ ಕೆಳಗೆ ಬೇಡ, ಹಿತ್ತಲಲ್ಲೋ ತೆರೆದ ಕಾರ್ ನಿಲ್ಲಿಸುವ ಜಾಗದಲ್ಲೋ ಇರಲಿ. ದಪ್ಪ ಟಾರ್ಪಾಲು ಹಾಸಿ, ಅಂಚುಗಳ ಕೆಳಗೆ ಮರಳಿನ ಚೀಲ ಇಟ್ಟು ತೊಟ್ಟಿಯ ಹಾಗೆ ಎತ್ತರಿಸಿ. ಹೊಸ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿಸಿ.

ಎರಡನೆಯ ತಪ್ಪು ಇನ್ನೂ ಸಾಮಾನ್ಯ. ಕಲ್ಲಿನ ಮೇಲೆ ಒಂದು ಚೊಂಬು ನೀರು ಚಿಮುಕಿಸಿ 'ವೆಟ್ ಕಟಿಂಗ್' ಅನ್ನುವುದು. ಒದ್ದೆ ಮೇಲ್ಮೈಯಿಂದ ಪ್ರಯೋಜನವಿಲ್ಲ, ಬ್ಲೇಡ್ ಒಳಗಿನ ಒಣ ಕಲ್ಲನ್ನು ಕೊರೆಯುತ್ತಿರುತ್ತದೆ. ಬ್ಲೇಡ್ ಕಲ್ಲಿಗೆ ತಾಗುವ ಬಿಂದುವಿಗೆ ನೀರು ಎಡೆಬಿಡದೆ ಬೀಳಬೇಕು. ಕೈಯಲ್ಲಿ ಹಿಡಿಯುವ ಕಟ್-ಆಫ್ ಯಂತ್ರಗಳಿಗೆ ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ಎಂದು ಬ್ರಿಟನ್ನಿನ ಕೆಲಸದ ಸ್ಥಳದ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಅನೇಕ ಮಾರ್ಬಲ್ ಕಟರ್‌ಗಳ ಜೊತೆ ಡಬ್ಬದಲ್ಲೇ ನೀರಿನ ಸಣ್ಣ ಕೊಳವೆ ಬರುತ್ತದೆ. ಮೇಸ್ತ್ರಿಗಳು ಅದನ್ನು ಮೊದಲ ದಿನವೇ ಬಿಚ್ಚಿ ಎಸೆದಿರುತ್ತಾರೆ. "ಪೈಪ್ ಎಲ್ಲಿ?" ಎಂದು ಕೇಳಿ. ಇಲ್ಲದಿದ್ದರೆ ತರಿಸಿ, ಬೆಲೆ ದೊಡ್ಡದಲ್ಲ. ದೂಳು ಮೇಲೇಳುತ್ತಿದ್ದರೆ ನೀರು ಸಾಲದು ಎಂದೇ ಲೆಕ್ಕ.

ಕರೆಂಟ್ ಶಾಕ್ ಹೊಡೆಯುತ್ತದೆ ಎಂಬ ಮೇಸ್ತ್ರಿಯ ಭಯ ಸುಳ್ಳಲ್ಲ. ಹಳೆಯ ಬಂಗಲೆಗಳಲ್ಲಿ ಇನ್ನೂ ಮರದ ಬೋರ್ಡು, ಪಿಂಗಾಣಿ ಫ್ಯೂಸು ಉಳಿದಿವೆ. ಎಲೆಕ್ಟ್ರಿಷಿಯನ್ ಕರೆಸಿ, ಕೆಲಸದ ಸಾಲಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ನೋಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದಲ್ಲಿ ಇರಕೂಡದು, ಗೋಡೆಗೆ ಎತ್ತರದಲ್ಲಿ ತೂಗುಹಾಕಿ. ನೀರಿಗಾಗಿ ತಯಾರಾಗದ ಸಾಮಾನ್ಯ ಹ್ಯಾಂಡ್ ಗ್ರೈಂಡರ್ ಮೇಲೆ ಬಾಟಲಿಯಿಂದ ನೀರು ಸುರಿಯುವುದು ಬೇಡವೇ ಬೇಡ. ಅದಕ್ಕೆ ದೂಳು ಹೀರುವ ಮುಚ್ಚಳ ಮತ್ತು ವ್ಯಾಕ್ಯೂಮ್ ಜೋಡಿಸಬೇಕು. ಗೋಡೆಯಲ್ಲಿ ವೈರಿಂಗ್ ಪೈಪಿಗೆ ಕಾಲುವೆ ಕೊರೆಯುವಾಗಲೂ ಹೀಗೇ. ಆ ಯಂತ್ರ ದಿನದ ಬಾಡಿಗೆಗೆ ಸಿಗುತ್ತದೆಯೇ ಎಂದು ಗುತ್ತಿಗೆದಾರನನ್ನು ಮೊದಲೇ ವಿಚಾರಿಸಿ.

ಮಾಸ್ಕ್, ಬೆಲ್ಲ, ಪೊರಕೆ

ನೀರಿದ್ದರೂ ಮಾಸ್ಕ್ ಬೇಕು. ಟವೆಲ್ಲಿನಿಂದಲೋ ಸರ್ಜಿಕಲ್ ಮಾಸ್ಕಿನಿಂದಲೋ ಈ ದೂಳು ತಡೆಯುವುದು ಅಕ್ಕಿ ಜರಡಿಯಲ್ಲಿ ರಾಗಿ ಹಿಟ್ಟು ಹಿಡಿದಂತೆ. ಎನ್95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಕೊಳ್ಳಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ. ಗಡ್ಡವಿದ್ದರೆ ಅಂಚಿನಲ್ಲಿ ಸಂದಿ ಉಳಿಯುತ್ತದೆ. ಒದ್ದೆಯಾದರೆ, ಉಸಿರೆಳೆಯಲು ಕಷ್ಟವಾದರೆ ಹೊಸದು. ಇಡೀ ಕೆಲಸಕ್ಕೆ ಒಂದೇ ಮಾಸ್ಕ್ ಕೊಟ್ಟು ಲೆಕ್ಕ ಮುಗಿಸಬೇಡಿ. ಹೆಲ್ಪರ್‌ಗೂ ಬೇಕು, ಪಕ್ಕದಲ್ಲಿ ಸಿಮೆಂಟ್ ಕಲಸುವ ಹೆಂಗಸಿಗೂ ಬೇಕು. ಆಕೆಯ ಮಗು ಆ ಮೂಲೆಯಲ್ಲಿ ಮಲಗಿದ್ದರೆ ಮನೆಯೊಳಗೆ ಜಾಗ ಕೊಡಿ.

ಬೆಲ್ಲ ತಿಂದರೆ ದೂಳು ಇಳಿದುಹೋಗುತ್ತದೆ ಎಂಬ ನಂಬಿಕೆ ಸೈಟ್‌ಗಳಲ್ಲಿ ಗಟ್ಟಿಯಾಗಿದೆ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ದೂಳು ಹೋಗಿರುವುದು ಶ್ವಾಸನಾಳಕ್ಕೆ. ಕೊಡುವುದಾದರೆ ಪ್ರೀತಿಗೆ ಕೊಡಿ.

ಸಂಜೆಯ ಪೊರಕೆ ದಿನವಿಡೀ ಉಳಿಸಿದ್ದನ್ನು ಐದು ನಿಮಿಷದಲ್ಲಿ ಕಳೆಯುತ್ತದೆ. ಒಣಗುಡಿಸುವುದು, ಬ್ಲೋಅರ್‌ನಿಂದ ಬಟ್ಟೆ ಕೊಡವಿಕೊಳ್ಳುವುದು ಎರಡೂ ನಿಲ್ಲಲಿ. ರಾಡಿಯನ್ನು ಹಸಿಯಿರುವಾಗಲೇ ಸಲಿಕೆಯಿಂದ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿಸಿ. ಒಣಗಿದರೆ ಅದು ಮತ್ತೆ ಅದೇ ದೂಳು. ರಸ್ತೆ ಚರಂಡಿಗೆ ತಳ್ಳಬೇಡಿ, ಅಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿ ಮಳೆ ಬಂದಾಗ ಬೀದಿಗೆಲ್ಲ ತೊಂದರೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಸಣ್ಣ ಕಣಗಳನ್ನು ಹಿಂದಿನಿಂದ ಹೊರಗೇ ಊದುತ್ತದೆ, ಹೆಪಾ ಫಿಲ್ಟರ್‌ನದು ಬೇಕು. ಕೆಲಸದವರು ಕೈಕಾಲು ಮುಖ ತೊಳೆದು ಬಟ್ಟೆ ಬದಲಿಸಿಕೊಳ್ಳಲು ನಲ್ಲಿ, ಒಂದು ಬಚ್ಚಲು ಬಿಟ್ಟುಕೊಡಿ. ಅದೇ ಬಟ್ಟೆಯಲ್ಲಿ ಹೋದರೆ ಗುಡಿಸಲಿನ ಮಕ್ಕಳಿಗೂ ದೂಳು ಹೋಗುತ್ತದೆ.

ಹಳೆಯ ಮನೆಗಳಲ್ಲಿ ಮತ್ತೊಂದು. ಕಾರ್ ಶೆಡ್, ಔಟ್‌ಹೌಸ್ ಮೇಲಿನ ಹಳೆಯ ಬೂದು ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದೆ ಎಂದೇ ತಿಳಿಯಿರಿ. ಸುತ್ತಿಗೆಯಿಂದ ಒಡೆಸಬೇಡಿ, ಗರಗಸ ಹಾಕಿಸಬೇಡಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಇಳಿಸುವವರಿಗೆ ಸಾಧ್ಯವಾದರೆ ಎಫ್‌ಎಫ್‌ಪಿ3 ಮಾಸ್ಕ್ ಕೊಡಿ.

ಕೆಮ್ಮು ನಿಲ್ಲದಿದ್ದರೆ

ಮೆಟ್ಟಿಲು ಹತ್ತಲು ಏದುಸಿರು, ವಾರಗಟ್ಟಲೆ ಒಣಕೆಮ್ಮು ಇದ್ದವರಿಗೆ ಎದೆಯ ಎಕ್ಸ್‌ರೇ ಮತ್ತು ಸ್ಪೈರೋಮೆಟ್ರಿ (ಉಸಿರಾಟದ ಸಾಮರ್ಥ್ಯದ ಪರೀಕ್ಷೆ) ಬೇಕು. ಹತ್ತಿರದಲ್ಲಿ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಶ್ವಾಸಕೋಶಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಹೊಸೂರು ರಸ್ತೆಯ ಕಡೆ. ವೈದ್ಯರಿಗೆ ಮೊದಲ ಮಾತೇ "ಇಷ್ಟು ವರ್ಷ ಕಲ್ಲು ಕತ್ತರಿಸಿದ್ದೇನೆ" ಎಂದಿರಲಿ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆ ಕಾಣಬಹುದು. ಕಫದಲ್ಲಿ ಕ್ಷಯ ಸಿಗದೆಯೂ ಮತ್ತೆ ಮತ್ತೆ ಕ್ಷಯದ ಮಾತ್ರೆ ನುಂಗಿದವರಿದ್ದಾರೆ. ಎರಡೂ ಒಟ್ಟಿಗೆ ಇರುವುದೂ ಉಂಟು, ಆದ್ದರಿಂದ ಕಫದ ಪರೀಕ್ಷೆ ಬಿಡಬಾರದು. ಬೀಡಿ ಬಿಡಲೇಬೇಕು.

ಕಾರ್ಮಿಕ ಕಾರ್ಡ್: ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಈ ಕಾರ್ಡ್ ಪಡೆಯಬಹುದು. ನಿಮ್ಮ ಮನೆಯಲ್ಲಿ ದುಡಿದ ದಿನಗಳ ಲೆಕ್ಕ ಬರೆದು ಸಹಿ ಹಾಕಿಕೊಡಿ. ಸಿಲಿಕೋಸಿಸ್ ಕಾನೂನಿನ ಪ್ರಕಾರ ಪರಿಹಾರಕ್ಕೆ ಅರ್ಹವಾದ ವೃತ್ತಿರೋಗ, ಆದರೆ ಎಲ್ಲಿ ದುಡಿದೆ ಎಂಬ ಕಾಗದವಿಲ್ಲದೆ ಅದು ಸಿಗುವುದು ಕಷ್ಟ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.