ಗಂಗೂಬಾಯಿ ಹುಟ್ಟಿದ ಮನೆ

ಇತಿಹಾಸ ಅಂದ್ರೆ ನಮ್ಮ ಬಂಕಾಪುರದ ಕೋಟೆ, ಅದರೊಳಗಿನ ಅರವತ್ತು ಕಂಬದ ಗುಡಿ, ಇಷ್ಟೇ ಅಂತ ನಾನು ತಿಳಿದಿದ್ದೆ. ಆದರೆ ಒಂದು ಸಾದಾ ಹಂಚಿನ ಮನೆಗೂ ಇತಿಹಾಸ ಇರತೈತಿ. ಅಂಥಾದ್ದೊಂದು ಮನೆ ಧಾರವಾಡದ ಶುಕ್ರವಾರಪೇಟೆಯಲ್ಲಿದೆ.

ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಅಲ್ಲಿ, 1913ರ ಮಾರ್ಚ್ 5ರಂದು. (ಅವರ ಹೆಸರಿನೊಳಗಿನ ಹಾನಗಲ್ಲ ಅಂದ್ರೆ ನಮ್ಮ ನೆರೆಯ ತಾಲೂಕೇ!) ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಅವರ ಹಾಡು ಕೇಳಲು ದೊಡ್ಡ ಉಸ್ತಾದರಾದ ಅಬ್ದುಲ್ ಕರೀಂ ಖಾನರು ಈ ಸಣ್ಣ ಮನೆಗೆ ಬರುತ್ತಿದ್ದರು. ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಸಾಕು, ಬಾಲಕಿ ಗಂಗೂ ಹೊರಗೆ ಓಡುತ್ತಿದ್ದಳು.

ಆದರೆ ಆ ಓಣಿ ಮೇಲ್ಜಾತಿಯವರದು. ಒಮ್ಮೆ ಗಂಗೂ ನೆರೆಯವರ ಹಿತ್ತಲಿಗೆ ಮಾವಿನಹಣ್ಣಿನ ಆಸೆಗೆ ಹೋದಳು. ಅವರು ಬೈದರು. ಹಣ್ಣು ಕದ್ದಳೆಂದಲ್ಲ, ಹಾಡುವವಳ ಮಗಳು ತಮ್ಮ ಹಿತ್ತಲು ತುಳಿದಳೆಂದು! ಮುಂದೆ ಹೆಸರು ಬಂದ ಮ್ಯಾಲೆ ಅಂಥವರೇ ಮನೆಗೆ ಕರೆದು ಊಟಕ್ಕಿಟ್ಟರು. ಇದನ್ನು ಗಂಗೂಬಾಯಿಯವರೇ ಹೇಳಿಕೊಂಡಿದ್ದಾರೆ. ಓದಿ ನನಗೆ ಬಹಳ ಕೆಟ್ಟನಿಸಿತು.

1928ರಲ್ಲಿ ಮಗಳ ಕಲಿಕೆಗಾಗಿ ಮನೆಯವರೆಲ್ಲ ಹುಬ್ಬಳ್ಳಿಗೆ ಹೋದರು. ಅಲ್ಲಿ ಮೊದಲು ಕಲಿಸಿದವರು ಕೃಷ್ಣಾಚಾರ್ಯ ಹುಲಗೂರರು. (ಹುಲಗೂರು ಅಂಬೋ ಊರು ನಮ್ಮ ಶಿಗ್ಗಾವಿ ತಾಲೂಕಿನ್ಯಾಗೈತಿ.) ಮಗಳ ಹಿಂದುಸ್ತಾನಿಗೆ ಅಡ್ಡ ಬರಬಾರದೆಂದು ತಾಯಿ ತಮ್ಮ ಹಾಡಿಕೆಯನ್ನೇ ಬಿಟ್ಟರು. ಆಮೇಲೆ ಗಂಗೂಬಾಯಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು.

ಧಾರವಾಡದ ಮನೆಯನ್ನು ಸರಕಾರ ದುರಸ್ತಿ ಮಾಡಿಸಿ, 'ಗಂಗೋತ್ರಿ' ಎಂಬ ಸ್ಮಾರಕ ಮಾಡಿತು. ಮುಂದೆ ನೋಡುವವರಿಲ್ಲದೆ ಮಳೆಗೆ ಅದರ ಗೋಡೆಗಳು ಕುಸಿದವು.

ದುರಸ್ತಿಯಾದ ಮನೆ ಯಾಕ ಬೀಳತೈತಿ? ನಮ್ಮ ಕಡೆಯ ಹಳೆ ಮನೆಗಳನ್ನೇ ನೋಡ್ರಿ. ಮಣ್ಣಿನ ಗ್ವಾಡಿಗೆ ತಲೆ ಮ್ಯಾಲಿನ ನೀರು ಬಹಳ ಕೆಟ್ಟದ್ದು. ಮಂಗ್ಯಾ ಜಿಗಿದು ಒಂದು ಹಂಚು ಸರಿದರೆ ಸಾಕು, ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ. ಒಳಗಿನ ಮಣ್ಣು ನೆನೆದು ಭಾರವಾಗಿ ಉಬ್ಬುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಮನೆಯಲ್ಲಿ ಜನ ಇದ್ದರೆ ಮೊದಲ ಹನಿ ಹಾಸಿಗೆ ಮ್ಯಾಲೆ ಬಿದ್ದಾಗಲೇ ಎದ್ದು ಹಂಚು ಸರಿಪಡಿಸುತ್ತಾರೆ. ಕೀಲಿ ಹಾಕಿದ ಮನೆಯಲ್ಲಿ ಆ ಹನಿ ಯಾರಿಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಂತೂ ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲೇ ಅಪ್ಪ ಮಾಳಿಗೆ ಹತ್ತುತ್ತಾನೆ, ನಾನು ಕೆಳಗೆ ನಿಂತು ಹಂಚು ಕೊಡುತ್ತೇನೆ.