ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೆ ಕೀರಲು ದನಿ ಏಕೆ?

ಪ್ರಶ್ನೆ: ಈಚೆಗೆ ನಮ್ಮ ಕಾರಿನ ಮುಂದಿನ ಗಾಲಿಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದೆ. ಹಳೆಯವು ಇದ್ದಾಗ ಸದ್ದೇ ಇರಲಿಲ್ಲ. ಈಗ ಸಂತೆ ಬೀದಿಯಲ್ಲಿ, ಹಂಪ್ ಬಂದಾಗ, ಮೆಲ್ಲಗೆ ಬ್ರೇಕ್ ಒತ್ತಿದರೆ ಕೀಂ ಎಂದು ಚೀರುತ್ತದೆ. ‘ಓಡಿದಂಗ ಸರಿ ಆಗ್ತೈತ್ರಿ’ ಎನ್ನುತ್ತಾರೆ ಮಿಸ್ತ್ರಿ. ನಂಬಬಹುದೇ? ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲವೆಂದು ಇದರ ಅರ್ಥವೇ? ಪ್ಯಾಡಿಗೆ ಸ್ವಲ್ಪ ಗ್ರೀಸ್ ಸವರಿದರೆ ನಡೆದೀತೇ?
– ಹಾನಗಲ್ಲಿನ ಓದುಗರು

ಉತ್ತರ: ಬಹಳ ಜನ ಸಹಿಸಿಕೊಂಡು ಸುಮ್ಮನಿರುವ ವಿಷಯವನ್ನು ನೀವು ಕೇಳಿದ್ದು ಸಂತೋಷ. ನಿಮ್ಮದು ಮೂರು ಸಂಶಯ: ಸದ್ದು ತಾನಾಗಿ ನಿಲ್ಲುತ್ತದೆಯೇ, ಸದ್ದಿದ್ದರೆ ಬ್ರೇಕ್ ದುರ್ಬಲವೇ, ಗ್ರೀಸ್ ಹಚ್ಚಬಹುದೇ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಜೀವಕ್ಕೆ ಅಪಾಯವಿದೆ. ಪ್ಯಾಡಿನ ಉಜ್ಜುವ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸ್, ಎಣ್ಣೆ ಏನನ್ನೂ ಹಚ್ಚಬೇಡಿ. ಸದ್ದು ನಿಂತೀತು, ಆದರೆ ಒತ್ತಿದಾಗ ಕಾರು ನಿಲ್ಲದು. ಪ್ಯಾಡು ಒಮ್ಮೆ ಎಣ್ಣೆ ಹೀರಿತೆಂದರೆ ಒರೆಸಿ ಸರಿಮಾಡಲು ಬರುವುದಿಲ್ಲ, ಮತ್ತೆ ಹೊಸದನ್ನೇ ಹಾಕಿಸಬೇಕು. ಗ್ರೀಸ್ ಹಚ್ಚುವ ಜಾಗ ಬೇರೆಯೇ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಸದ್ದು ಹುಟ್ಟುವುದು ಹೇಗೆಂದು ತಿಳಿದರೆ ಉಳಿದ ಎರಡು ಸಂಶಯಗಳೂ ಹಗುರಾಗುತ್ತವೆ. ಗಾಲಿಯ ಜೊತೆ ತಿರುಗುವ ಬೀಡುಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಒಳಗೊಂದು, ಹೊರಗೊಂದು ಪ್ಯಾಡ್. ನೀವು ಪೆಡಲ್ ಒತ್ತಿದಾಗ ಕ್ಯಾಲಿಪರ್ ಆ ಎರಡೂ ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತದೆ. ಆಗ ಪ್ಯಾಡು ಒಂದೇ ಸಮನೆ ಜಾರುತ್ತ ಹೋಗುವುದಿಲ್ಲ. ಒಂದು ಗಳಿಗೆ ಕಚ್ಚುತ್ತದೆ, ಮರುಗಳಿಗೆ ಜಾರುತ್ತದೆ, ಹೀಗೆ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ನಡುಗುತ್ತದೆ. ತೊಯ್ದ ಬೆರಳಿನಿಂದ ಗಾಜಿನ ಲೋಟದ ಅಂಚನ್ನು ಉಜ್ಜಿದಾಗ ಏಳುವ ದನಿಯೂ ಹುಟ್ಟುವುದು ಹೀಗೆಯೇ. ಪ್ಯಾಡಿನ ನಡುಕಕ್ಕೆ ಡಿಸ್ಕೂ ನಡುಗತೊಡಗಿದರೆ ಅದೇ ನಿಮಗೆ ಕೇಳುವ ಕೀರಲು. ಮೆಲ್ಲಗೆ ಒತ್ತಿದಾಗಲೇ ಅದು ಹೆಚ್ಚು ಕೇಳುವುದೂ ಸಹಜ. ಬಿಗಿಯಾಗಿ ಅದುಮಿದ ಪ್ಯಾಡಿಗೆ ನಡುಗಲು ಅಷ್ಟು ಆಸ್ಪದವಿರುವುದಿಲ್ಲ.

ಇದು ಡಿಸ್ಕ್ ಬ್ರೇಕಿನಷ್ಟೇ ಹಳೆಯ ತೊಂದರೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅದರ ಪ್ಯಾಡುಗಳು ತಾಮ್ರದವು, ಅವುಗಳ ಚೀರಾಟ ಸಹಿಸುವಂತಿರಲಿಲ್ಲ. ಮುಂದೆ ಕಲ್ನಾರಿನ ಪದರ ಬಂದು ಸದ್ದು ತಗ್ಗಿತು. ಆದರೆ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆಂದು ತಿಳಿದ ಮೇಲೆ ಒಳ್ಳೆಯ ತಯಾರಕರು ಅದನ್ನು ಬಿಟ್ಟರು. ಈಗಿನ ಪ್ಯಾಡಿನಲ್ಲಿ ರಾಳ, ನಾರು, ಗ್ರಾಫೈಟ್, ಲೋಹದ ಪುಡಿ ಬೆರೆತಿರುತ್ತವೆ. ಲೋಹ ಹೆಚ್ಚಿದ್ದರೆ ಪ್ಯಾಡು ಕಾವನ್ನು ಚೆನ್ನಾಗಿ ತಡೆಯುತ್ತದೆ, ಸದ್ದನ್ನೂ ಹೆಚ್ಚು ಮಾಡುತ್ತದೆ. ಸೆರಾಮಿಕ್ ಪ್ಯಾಡುಗಳ ಸದ್ದು ಕಡಿಮೆ, ಬೆಲೆ ಜಾಸ್ತಿ. ನಿಮ್ಮ ಹಳೆಯ ಪ್ಯಾಡು ಒಂದು ಮಿಶ್ರಣದ್ದು, ಹೊಸದು ಇನ್ನೊಂದರದ್ದು ಆಗಿದ್ದರೆ ಅಷ್ಟೇ ಸಾಕು ದನಿ ಬದಲಾಗಲು. ಆದ್ದರಿಂದ ಕೀರಲು ಕೇಳಿತೆಂದ ಮಾತ್ರಕ್ಕೆ ಬ್ರೇಕ್ ಹಿಡಿಯುತ್ತಿಲ್ಲ ಎಂದಲ್ಲ. ಸದ್ದಿಲ್ಲ ಎಂದ ಮಾತ್ರಕ್ಕೆ ಬ್ರೇಕ್ ಚೆನ್ನಾಗಿದೆ ಎಂದೂ ಅಲ್ಲ.

ಇಲ್ಲೊಂದು ಗೊಂದಲ ಬಹಳ ಜನರನ್ನು ಕಾಡುತ್ತದೆ. ‘ಪ್ಯಾಡು ಸವೆದರೆ ಕೀಂ ಎನ್ನುತ್ತದೆ’ ಎಂದು ಕೇಳಿರುತ್ತೀರಿ. ಅದೂ ನಿಜವೇ. ಅನೇಕ ಪ್ಯಾಡುಗಳಿಗೆ ಒಂದು ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ. ಪದರ ಸವೆದು ಎರಡು ಮೂರು ಮಿಲಿಮೀಟರ್ ಉಳಿದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಬೇಕೆಂದೇ ಚೀರುತ್ತದೆ, ಬದಲಿಸುವ ಕಾಲ ಬಂತೆಂದು ತಿಳಿಸಲು. ಹೊಸ ಪ್ಯಾಡಿನಲ್ಲಿ ಪದರವೇ ಸುಮಾರು 10 ಮಿಲಿಮೀಟರ್ ಇರುವುದರಿಂದ ಪಟ್ಟಿ ಡಿಸ್ಕಿಗೆ ತಾಗುವ ಮಾತೇ ಇಲ್ಲ, ಜೋಡಿಸುವಾಗ ಅದು ಬಾಗಿದ್ದರೆ ಮಾತ್ರ ತಾಗೀತು. ಎರಡೂ ಸದ್ದು ಕಿವಿಗೆ ಒಂದೇ ತೆರ ಕೇಳುತ್ತವೆ, ಕಾರಣ ಮಾತ್ರ ಬೇರೆ ಬೇರೆ. ಹೊಸ ಪ್ಯಾಡು ಆಗಲೇ ಸವೆಯಿತೇ ಎಂದು ನೀವು ಗಾಬರಿಯಾಗಬೇಕಾಗಿಲ್ಲ.

ಇನ್ನು ಮಿಸ್ತ್ರಿಯವರ ಮಾತು. ಅದು ಅರ್ಧ ಸರಿ. ಹಳೆಯ ಡಿಸ್ಕಿನ ಮೈ ಹಳೆಯ ಪ್ಯಾಡಿಗೆ ಹೊಂದಿಕೊಂಡು ಸವೆದಿರುತ್ತದೆ. ಹೊಸ ಪ್ಯಾಡು ಅದರ ಮೇಲೆ ಮೊದಲು ಅಲ್ಲಲ್ಲಿ ಮಾತ್ರ ಕೂರುತ್ತದೆ. ಒಂದಷ್ಟು ಓಡಿದ ಮೇಲೆ ಪೂರ್ತಿ ಕೂತು, ಪ್ಯಾಡಿನ ವಸ್ತುವಿನದೊಂದು ತೆಳು ಲೇಪ ಡಿಸ್ಕಿನ ಮೇಲೆ ಸಮನಾಗಿ ಹರಡಬೇಕು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರಿನಲ್ಲಿ ಸಾಮಾನ್ಯವಾಗಿ ಇದು ಆಗುತ್ತದೆ. ಆದರೆ ಅದಕ್ಕೆ ಪ್ಯಾಡು ಒಂದಿಷ್ಟು ಕಾಯಬೇಕು. ಹಾನಗಲ್ಲಿನ ಪೇಟೆಯಲ್ಲಿ ಇಪ್ಪತ್ತು ಮೂವತ್ತರ ವೇಗದಲ್ಲಿ ಮುಟ್ಟಿ ಮುಟ್ಟಿ ಬಿಡುವ ಬ್ರೇಕಿನಿಂದ ಅಷ್ಟು ಕಾವು ಬರುವುದಿಲ್ಲ. ಮನೆ, ಅಂಗಡಿ, ಸಂತೆ ಇಷ್ಟರಲ್ಲೇ ಓಡುವ ಕಾರಿನ ಕೀರಲು ತಿಂಗಳುಗಟ್ಟಲೆ ಉಳಿಯುವುದು ಈ ಕಾರಣಕ್ಕೆ.

ಹಾಗಾಗಿ ನೀವೇ ಪ್ಯಾಡನ್ನು ಪಳಗಿಸಬೇಕು. ಬೆಳಗಿನ ಹೊತ್ತು, ವಾಹನ ವಿರಳವಾಗಿರುವ, ಮುಂದೆ ದೂರದವರೆಗೆ ಕಾಣುವ ನೆಟ್ಟನೆಯ ರಸ್ತೆ ಆರಿಸಿಕೊಳ್ಳಿ. ಸವಣೂರಿನ ಕಡೆ ಎರೆಹೊಲಗಳ ನಡುವೆ ಅಂಥ ರಸ್ತೆಗಳಿವೆ. ಶಿಗ್ಗಾಂವಿ, ಬಂಕಾಪುರದ ಮೇಲೆ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿ ಮಾತ್ರ ಬೇಡವೇ ಬೇಡ. ಅಲ್ಲಿ ನೀವು ಕಾರಣವಿಲ್ಲದೆ ನಿಧಾನವಾದರೆ ಹಿಂದಿನ ಲಾರಿಗೆ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಸುಗ್ಗಿಯ ದಿನಗಳಲ್ಲಿ ಗೋವಿನಜೋಳ ಒಣಹಾಕಿದ ರಸ್ತೆಯೂ ಬೇಡ, ಕಾಳಿನ ಮೇಲೆ ಟೈರು ಜಾರುತ್ತದೆ. ರಸ್ತೆ ಸಿಕ್ಕಿತೆಂದರೆ ಗಂಟೆಗೆ 50 ಕಿ.ಮೀ. ವೇಗಕ್ಕೆ ಬಂದು, ಹದವಾಗಿ, ಗಕ್ಕನೆ ಅಲ್ಲದೆ ಬ್ರೇಕ್ ಒತ್ತಿ 10ಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಕಾವು ಆರಲು ಅರ್ಧ ಮುಕ್ಕಾಲು ನಿಮಿಷ ಸುಮ್ಮನೆ ಓಡಿಸಿ, ಮತ್ತೆ ಹಾಗೆಯೇ ಮಾಡಿ. ಹತ್ತು ಹದಿನೈದು ಸಲ ಸಾಕು. ಕೊನೆಗೆ ಬ್ರೇಕ್ ಮುಟ್ಟದೆ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಎಲ್ಲ ತಣ್ಣಗಾಗುತ್ತದೆ. ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಅದುಮಿಕೊಂಡು ನಿಂತರೆ ಅಷ್ಟೇ ಜಾಗದಲ್ಲಿ ಲೇಪ ದಪ್ಪಗೆ ಕೂತು, ಆಮೇಲೆ ಪೆಡಲ್ ನಡುಗತೊಡಗುತ್ತದೆ. ಪೂರ್ತಿ ನಿಲ್ಲಿಸಬೇಡಿ ಎಂದದ್ದು ಅದಕ್ಕೇ.

ಇಷ್ಟಾದ ಮೇಲೂ ಸದ್ದು ಉಳಿದರೆ ‘ಓಡಿದಂಗ ಸರಿ ಆಗ್ತೈತಿ’ ಎಂಬ ಮಾತಿಗೆ ಒಪ್ಪಬೇಡಿ, ಗಾಲಿ ಬಿಚ್ಚಿಸಿ. ನನ್ನ ಮಟ್ಟಿಗೆ ಹೇಳುವುದಾದರೆ ಹೆಚ್ಚಿನ ಕೀರಲಿನ ಮೂಲ ಪ್ಯಾಡಿನಲ್ಲಿಲ್ಲ, ಜೋಡಿಸುವ ಅವಸರದಲ್ಲಿದೆ. ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ತಗಡು ಇರುತ್ತದೆ, ನಡುಕ ಹೀರುವುದೇ ಅದರ ಕೆಲಸ. ಹಳೆಯ ಪ್ಯಾಡಿನ ಜೊತೆ ಅದನ್ನೂ ಎಸೆದುಬಿಡುವುದುಂಟು. ಪ್ಯಾಡಿನ ಕಿವಿಗಳು ಕೂರುವ ಕ್ಲಿಪ್ಪುಗಳು ಸಡಿಲವಾಗಿದ್ದರೆ ಪ್ಯಾಡು ಅಲುಗುತ್ತದೆ; ತುಕ್ಕು ಕಟ್ಟಿದ್ದರೆ ಸಿಕ್ಕಿಕೊಳ್ಳುತ್ತದೆ. ಕ್ಯಾಲಿಪರ್ ಸರಿದಾಡುವ ಪಿನ್ನುಗಳು ಒಣಗಿದ್ದರೂ ಹಾಗೆಯೇ. ಗ್ರೀಸಿನ ಜಾಗ ಎಂದೆನಲ್ಲ, ಅದು ಇದೇ: ಪಿನ್ನಿಗೆ, ಪ್ಯಾಡಿನ ಕಿವಿಗಳಿಗೆ, ಬೆನ್ನಿನ ತಗಡಿಗೆ ತೆಳ್ಳಗೆ. ಅದೂ ಬ್ರೇಕಿಗೆಂದೇ ಬರುವ, ಕಾವು ತಡೆಯುವ ಗ್ರೀಸ್ ಆಗಬೇಕು. ಬೇರಿಂಗಿಗೆ ಹಾಕುವ ಗ್ರೀಸ್ ಕಾವಿಗೆ ಕರಗಿ ಇಳಿದು ಪ್ಯಾಡಿನ ಮುಖಕ್ಕೆ ಬರುತ್ತದೆ, ರಬ್ಬರನ್ನೂ ಕೆಡಿಸುತ್ತದೆ.

ಡಿಸ್ಕನ್ನೂ ನೋಡಿಸಿ. ಹೊರ ಅಂಚಿನಲ್ಲಿ ದಿಂಡು ಎದ್ದಿದ್ದರೆ, ಮೈ ಗಾಜಿನಂತೆ ನುಣುಪಾಗಿದ್ದರೆ, ಗೆರೆ ಬಿದ್ದಿದ್ದರೆ ಲೇಥಿನಲ್ಲಿ ಹಿಡಿಸಿ ಸಮ ಮಾಡಿಸಬಹುದು. ಆದರೆ ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾಗುವುದಾದರೆ ಹೊಸ ಡಿಸ್ಕೇ ಬೇಕು, ಎರಡೂ ಪಕ್ಕಕ್ಕೆ. ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಲು, ಗಾಳಿ ಹೊಡೆಯಲು ಬಿಡಬೇಡಿ. ಒದ್ದೆ ಬಟ್ಟೆಯಿಂದ ಒರೆಸುವುದು ಮಿಸ್ತ್ರಿಯವರ ಎದೆಗೂ ಒಳ್ಳೆಯದು.

ನಮ್ಮ ಕಡೆಯ ಹವೆ, ರಸ್ತೆಗಳಿಂದ ಬರುವ ಎರಡು ಸದ್ದುಗಳಿಗೆ ಹೆದರಬೇಕಾದ್ದಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್, ಹಿರೇಕೆರೂರು ಕಡೆ ಮಳೆಗಾಲದ ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕಿಗೆ ಬೆಳಗಾಗುವಷ್ಟರಲ್ಲಿ ತೆಳು ತುಕ್ಕು ಹತ್ತಿರುತ್ತದೆ. ಮೊದಲ ಮೂರು ನಾಲ್ಕು ಬ್ರೇಕಿಗೆ ಕರಕರ ಎಂದು ಅದು ಉದುರಿಹೋಗುತ್ತದೆ. ಇನ್ನೊಂದು ಹರಳಿನದು. ಬ್ರೇಕ್ ಒತ್ತಲಿ ಬಿಡಲಿ, ಒಂದೇ ಸಮನೆ ತಗಡು ಕೆರೆದಂತೆ ಕೇಳಿದರೆ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಹರಳು ಸಿಕ್ಕಿರಬಹುದು. ಮೆಲ್ಲಗೆ ಹಿಂದೆ ಮುಂದೆ ಓಡಿಸಿದರೆ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಸದ್ದು ಹಿಂದಿನ ಗಾಲಿಯಿಂದ ಬರುತ್ತಿದೆಯೇ ಎಂದೂ ಒಮ್ಮೆ ಗಮನಿಸಿ. ಸಣ್ಣ ಕಾರುಗಳಲ್ಲಿ ಹಿಂದೆ ಹೆಚ್ಚಾಗಿ ಡ್ರಮ್ ಬ್ರೇಕ್ ಇರುತ್ತದೆ, ಹೊಸ ಪ್ಯಾಡಿಗೂ ಅದಕ್ಕೂ ಸಂಬಂಧವಿಲ್ಲ.

ಹೆದರಲೇಬೇಕಾದವೂ ಇವೆ: ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದಂತೆ ಗರಗರ ಸದ್ದು, ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುವುದು, ಪೆಡಲ್ ಕೆಳಗೆ ಇಳಿದುಹೋಗುವುದು, ಒಂದೇ ಗಾಲಿಯ ಬಳಿ ಸುಟ್ಟ ವಾಸನೆ. ಇವುಗಳಲ್ಲಿ ಯಾವುದು ಕಂಡರೂ ಕಾರನ್ನು ಅಲ್ಲೇ ನಿಲ್ಲಿಸಿ, ಮಿಸ್ತ್ರಿಯನ್ನೇ ಕಾರಿನ ಹತ್ತಿರ ಕರೆಸಿ. ಡಿಸ್ಕನ್ನು ಮಾತ್ರ ಕೈಯಿಂದ ಮುಟ್ಟಿ ನೋಡಬೇಡಿ, ಸುಡುತ್ತದೆ.

ಶಿರಸಿ ಮೇಲೆ ಕುಮಟೆಗೆ ಹೋಗುವ ಯೋಚನೆ ಇದ್ದರೆ ಪ್ಯಾಡು ಪಳಗಿದ ಮೇಲೆಯೇ ಹೊರಡಿ. ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ, ಬ್ರೇಕನ್ನು ತಿರುವು ಬಂದಾಗ ಒತ್ತಿ, ಬಿಡಿ.