ಗುಗ್ಗುಳದ ಮಾತ್ರೆ ನುಂಗುವ ಮುನ್ನ

ಗುಗ್ಗುಳ ತಗೊಂಡರೆ ಕೊಲೆಸ್ಟ್ರಾಲ್ ಕರಗುತ್ತದೆ, ಡಾಕ್ಟರ್ ಕೊಟ್ಟ ಮಾತ್ರೆ ಬೇಕಿಲ್ಲ ಎನ್ನುವ ಮೆಸೇಜು ನಮ್ಮ ಗ್ರೂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಮನೆಯಲ್ಲಿ ಬಿಪಿ, ಹಾರ್ಟ್, ಥೈರಾಯ್ಡ್ ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ಇದನ್ನು ಪೂರ್ತಿ ಓದಿ.

ಉತ್ತರ ಕರ್ನಾಟಕದವರಿಗೆ ಗುಗ್ಗುಳ ಎಂದೊಡನೆ ವೀರಭದ್ರ ದೇವರ ಮೆರವಣಿಗೆ, ಪುರವಂತರ ಒಡಪು, ಕೊಡದಲ್ಲಿ ಉರಿಯುವ ಬೆಂಕಿ ನೆನಪಾಗುತ್ತದೆ. ಆದರೆ ಆ ಅಂಟು ಕೊಡುವ ಗಿಡವನ್ನು ನಮ್ಮಲ್ಲಿ ನೋಡಿದವರು ಕಡಿಮೆ. ಅದರ ನಿಜವಾದ ನೆಲೆ ರಾಜಸ್ಥಾನ, ಗುಜರಾತಿನ ಕಛ್, ಆಚೆ ಸಿಂಧ್‌ನ ಒಣಭೂಮಿ. ಅರೇಬಿಯಾದ ಫ್ರಾಂಕಿನ್ಸೆನ್ಸ್ ಧೂಪದ ಮರದ ಕುಟುಂಬಕ್ಕೇ ಸೇರಿದ್ದು. ಮೂರ್ನಾಲ್ಕು ಮೀಟರ್ ಎತ್ತರ, ಮುಳ್ಳು ರೆಂಬೆ, ಕಾಗದದ ಹಾಗೆ ಸುಲಿಯುವ ತೊಗಟೆ, ವರ್ಷದ ಬಹುಪಾಲು ಎಲೆಯೇ ಇಲ್ಲ. ಅಂಟು ಕೊಡುವಷ್ಟು ಬಲಿಯಲು ಎಂಟು ಹತ್ತು ವರ್ಷ ಬೇಕು. ಆಮೇಲೂ ಒಂದು ಗಿಡದಿಂದ ಸಿಗುವುದು ಕೆಲವು ನೂರು ಗ್ರಾಂ ಮಾತ್ರ. ಹೆಚ್ಚು ಅಂಟು ಸುರಿಯಲಿ ಎಂದು ಆಳವಾಗಿ ಕಚ್ಚು ಹಾಕಿ ರಾಸಾಯನಿಕ ಹಚ್ಚಿದರೆ ಗಿಡವೇ ಸಾಯುತ್ತದೆ. ಹೀಗೇ ಆಗಿ ಇವತ್ತು ಅದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಗಿಡ. ಅಸಲಿ ಮಾಲು ಕಡಿಮೆ, ಬೇಡಿಕೆ ಜಾಸ್ತಿ, ಹಾಗಾಗಿ ಕಲಬೆರಕೆಯೂ ಜಾಸ್ತಿ. ಹೈದರಾಬಾದಿನಲ್ಲಿ ಗುಗ್ಗಿಲಂ, ಚೆನ್ನೈಯಲ್ಲಿ ಕುಂಗಿಲಿಯಂ ಎಂದು ಕೇಳಿದರೆ ಹೆಚ್ಚಾಗಿ ಸಾಲ ಮರದ ರಾಳವನ್ನು ಕೊಡುತ್ತಾರೆ. ಅದು ಬೇರೆಯೇ ವಸ್ತು.

ಈಗ ಕೊಲೆಸ್ಟ್ರಾಲಿನ ವಿಷಯ. ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಸುಶ್ರುತ ಸಂಹಿತೆ ಗುಗ್ಗುಳವನ್ನು ಮೇದಸ್ಸಿನ ರೋಗಕ್ಕೆ ಹೇಳಿದೆ. ಅದರ ಜಾಡು ಹಿಡಿದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿಯವರು ಮೊಲಗಳ ಮೇಲೆ ಪ್ರಯೋಗ ಮಾಡಿ 1966ರಲ್ಲಿ ಪ್ರಬಂಧ ಬರೆದರು. ಅಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ನಮ್ಮ ದೇಶದ ಮುಂದಿನ ಅಧ್ಯಯನಗಳಲ್ಲೂ ಒಳ್ಳೆಯ ಫಲ ಕಂಡಿತು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲಿಲ್ಲ, ಗುಗ್ಗುಳ ತಗೊಂಡವರಲ್ಲಿ ಶೇಕಡಾ 4–5ರಷ್ಟು ಏರಿತು! ಕೆಲವರಿಗೆ ಮೈಮೇಲೆ ದದ್ದು ಎದ್ದಿತು. ಗುಗ್ಗುಳ ಕೆಲಸಕ್ಕೆ ಬಾರದ್ದು ಅಂತ ಇದರಿಂದ ಹೇಳಲಾಗದು. ಆದರೆ ಸ್ಟಾಟಿನ್ ಮಾತ್ರೆಯ ಜಾಗಕ್ಕೆ ಇದನ್ನು ಕೂರಿಸಲು ಆಧಾರ ಸಾಲದು. ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಗುಗ್ಗುಳ ಬೇರೆ ಔಷಧಿಗಳ ಮೇಲೂ ಕೈ ಹಾಕುತ್ತದೆ. ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಎಂಬ ಬಿಪಿ ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಇದು ತಗ್ಗಿಸುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸಿದ್ದೂ ಕಂಡಿದೆ. ಬಸುರಿಯರು ಮುಟ್ಟಲೇಬಾರದು.

ಹೆಸರಿನಲ್ಲೂ ಎಚ್ಚರ ಬೇಕು. ಮಂಡಿನೋವಿಗೆ ಯೋಗರಾಜ ಗುಗ್ಗುಳು ಕೊಡುತ್ತಾರೆ. ಅದರ ಪಕ್ಕದಲ್ಲೇ ಸಿಗುವ ಮಹಾಯೋಗರಾಜ ಗುಗ್ಗುಳುವಿನಲ್ಲಿ ಸೀಸ, ತವರ ಮುಂತಾದ ಲೋಹಗಳ ಭಸ್ಮ ಇರುತ್ತದೆ. ‘ಮಹಾ’ ಅಂದರೆ ಇನ್ನೂ ಒಳ್ಳೆಯದಿರಬೇಕು ಅಂತ ನಾವೇ ಅಂಗಡಿಯಿಂದ ತರುವುದು ಬೇಡ, ವೈದ್ಯರು ಬರೆದರೆ ಮಾತ್ರ. ಧೂಪಕ್ಕೆ ತಂದ ಹಸಿ ಅಂಟನ್ನಂತೂ ಬಾಯಿಗೆ ಹಾಕಬೇಡಿ. ಆಯುರ್ವೇದದಲ್ಲೇ ಅದನ್ನು ತ್ರಿಫಲಾ ಕಷಾಯದಂಥದ್ದರಲ್ಲಿ ಬೇಯಿಸಿ ಶೋಧಿಸಿದ ಮೇಲಷ್ಟೇ ಔಷಧಿಗೆ ಬಳಸುತ್ತಾರೆ.

ಧೂಪ ಹಾಕಬಹುದು. ಆದರೆ ಊರಿನ ತೊಟ್ಟಿಮನೆ ಬೇರೆ, ಮುಂಬೈಯ ಒಂದು ರೂಮಿನ ಮನೆ ಬೇರೆ. ಅಸ್ತಮಾ ಇರುವವರು ಅಥವಾ ಕೂಸು ಮನೆಯಲ್ಲಿದ್ದರೆ ಹೊಗೆ ಬೇಡ. ಉಳಿದವರು ಕಿಟಕಿ ತೆರೆದು ಚಿಟಿಕೆಯಷ್ಟು ಹಾಕಿದರೆ ಸಾಕು.

ಊರಿಂದ ಬರುವವರ ಕೈಲಿ ಮಾತ್ರೆ ತರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಇಲ್ಲಿನ ಡಾಕ್ಟರ್ ಹಿಂದಿಯಲ್ಲೋ ಮರಾಠಿಯಲ್ಲೋ ಬೇರೆ ಏನು ತಗೊಳ್ತೀರಿ ಎಂದು ಕೇಳಿದಾಗ ಅಮ್ಮ, ಅತ್ತೆಯವರು ‘ಏನಿಲ್ಲ’ ಅಂದುಬಿಡುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಮುಂದಿನ ಸಲ ಹೋಗುವಾಗ ಆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ.